ಹಗೆಯ ನಾಡಿನಿಂದ ಬಂದ ಗೋಲ್‌ಕೀಪರ್

ಇತಿಹಾಸವೆಂದರೆ ನಡೆದುಹೋದುದರ ಲೆಕ್ಕ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಯುದ್ಧ ನಡೆಯಿತು, ಕೋಟೆ ಬಿದ್ದಿತು, ಅರಸು ಮಡಿದ, ಇವು ಪುಟಗಳಲ್ಲಿ ನಿಲ್ಲುತ್ತವೆ. ನಡೆಯಬಹುದಾಗಿದ್ದು ನಡೆಯದೆ ಹೋದುದಕ್ಕೆ ಅಲ್ಲಿ ಜಾಗ ಕಡಮೆ. ಕಾಲ್ಚೆಂಡಾಟದ ಲೆಕ್ಕವೂ ಹೀಗೆಯೇ. ಗೋಲು ಹೊಡೆದವನ ಹೆಸರನ್ನು ಬರೆದಿಡುತ್ತಾರೆ. ಹೊಡೆದ ನಿಮಿಷವನ್ನೂ ಬರೆದಿಡುತ್ತಾರೆ. ಗೋಲ್‌ಕೀಪರ್ ತಡೆದ ಚೆಂಡುಗಳು ಮಾತ್ರ ಆ ಅಂಕಪಟ್ಟಿಗೆ ಸೇರುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. ಅವನು ತಪ್ಪಿದರೆ ಅದು ಅಂಕವಾಗಿ ಉಳಿಯುತ್ತದೆ. ತಪ್ಪದಿದ್ದರೆ ಸೊನ್ನೆಯಾಗಿ ಉಳಿಯುತ್ತದೆ. ಆದಕಾರಣ ಒಳ್ಳೆಯ ಗೋಲ್‌ಕೀಪರನ ಕೀರ್ತಿಗೆ ನಿಜವಾದ ಆಧಾರವೆಂದರೆ ಕಣ್ಣಾರೆ ಕಂಡವರ ನೆನಪು.

2013ನೆಯ ಇಸವಿಯ ಜುಲೈ 19ರಂದು ಸ್ಪೇನ್ ದೇಶದ ವೇಲೆನ್ಸಿಯಾ ನಗರದ ಸಮೀಪದ ತನ್ನ ಮನೆಯಲ್ಲಿ ಬರ್ಟ್ ಟ್ರೌಟ್‌ಮನ್ ಎಂಬ ಮುದುಕ ತೀರಿಕೊಂಡ. ಆಗ ಅವನಿಗೆ 89 ವರ್ಷ. ಮ್ಯಾಂಚೆಸ್ಟರ್ ಸಿಟಿ ಎಂಬ ಇಂಗ್ಲೆಂಡಿನ ಹೆಸರಾಂತ ತಂಡದ ಗೋಲನ್ನು ಆತ ಕಾಯುವುದನ್ನು ಬಿಟ್ಟು 49 ವರ್ಷಗಳೇ ಸಂದಿದ್ದವು. ಅವನ ಬಹು ದೊಡ್ಡ ಆಟವನ್ನು ಹತ್ತು ವರ್ಷದ ಹುಡುಗನಾಗಿ ನೋಡಿದ್ದವನಿಗೂ ಆ ಹೊತ್ತಿಗೆ 67 ವರ್ಷ ತುಂಬಿರಬೇಕು. ಆದರೂ ಆ ಸಾವಿಗೆ ಮ್ಯಾಂಚೆಸ್ಟರು ಮನೆಯ ಹಿರಿಯನನ್ನು ಕಳೆದುಕೊಂಡ ಹಾಗೆ ಮರುಗಿತು. ನೋಡಿದ್ದವರು ತಾವು ನೋಡಿದುದನ್ನು ಹೇಳಿಕೊಂಡರು. ನೋಡದವರು ತಂದೆಯ ಬಾಯಲ್ಲಿ, ಅಜ್ಜನ ಬಾಯಲ್ಲಿ ಕೇಳಿದ್ದನ್ನು ಹೇಳಿಕೊಂಡರು. ಇಂಗ್ಲೆಂಡಿನ ಪತ್ರಿಕೆಗಳೂ ಜರ್ಮನಿಯ ಪತ್ರಿಕೆಗಳೂ ಒಂದೇ ಸಮನಾಗಿ ಅವನನ್ನು ಕೊಂಡಾಡಿದವು.

ಇದರಲ್ಲಿ ವಿಶೇಷವೇನು ಎಂದು ವಾಚಕರು ಕೇಳಬಹುದು. ಹೆಸರಾದ ಆಟಗಾರ ಸತ್ತರೆ ಅಭಿಮಾನಿಗಳು ಮರುಗುವುದು ಎಲ್ಲ ಕಡೆಯೂ ಉಂಟು. ವಿಶೇಷವೆಂದರೆ, ಈ ಮನುಷ್ಯ ಆ ಊರಿಗೆ ಮೊದಲು ಬಂದಾಗ ಅವನು ಬರಕೂಡದೆಂದು ಜನ ಬೀದಿಗಿಳಿದಿದ್ದರು. ಅವನು ಜರ್ಮನ್. ಹಿಟ್ಲರನ ಸೈನ್ಯದಲ್ಲಿ ಹೋರಾಡಿ ಪದಕ ಪಡೆದವನು. ಯುದ್ಧ ಮುಗಿದು ಆಗಿನ್ನೂ ನಾಲ್ಕೇ ವರ್ಷ. ಆ ಕೂಗಿನಿಂದ ಈ ಕಣ್ಣೀರಿನವರೆಗಿನ ದಾರಿ ಹೇಗೆ ಸಾಗಿತೆಂಬುದನ್ನು ತಿಳಿಯುವುದು ಕಾಲ್ಚೆಂಡಾಟದ ಗೊಡವೆ ಇಲ್ಲದವರಿಗೂ ಉಪಯುಕ್ತವೆಂದು ನನ್ನ ಭಾವನೆ.

ಬರ್ನ್‌ಹಾರ್ಡ್ ಟ್ರೌಟ್‌ಮನ್ ಹುಟ್ಟಿದ್ದು 1923ರ ಅಕ್ಟೋಬರ್ 22ರಂದು, ಉತ್ತರ ಜರ್ಮನಿಯ ಬ್ರೆಮೆನ್ ಎಂಬ ಬಂದರು ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಹಣಕ್ಕೆ ಕಾಗದದ ಬೆಲೆಯೂ ಇಲ್ಲದೆ ಹೋದ ವರ್ಷ ಅದು. ತಂದೆ ಕೂಲಿ ಕಾರ್ಮಿಕ. ಹುಡುಗ ಗಟ್ಟಿಮುಟ್ಟಾಗಿದ್ದ, ಓಟ, ಕಾಲ್ಚೆಂಡು, ಕೈಚೆಂಡು ಎಲ್ಲದರಲ್ಲೂ ಮುಂದು. ಅವನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ನಾತ್ಸಿ ಪಕ್ಷದ ಬಾಲಕರ ದಳಕ್ಕೆ ಈ ಹುಡುಗನೂ ಸೇರಿದ. ಮೆರವಣಿಗೆ, ಡೇರೆ, ಕವಾಯತು, ಆಟದ ಪಂದ್ಯಗಳು: ಬಡವರ ಮನೆಯ ಚುರುಕು ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಆಕರ್ಷಣೆ ಬೇಕೆ? ಅದರೊಳಗೆ ಬೆರೆಸಿ ಕುಡಿಸುತ್ತಿದ್ದ ವಿಷ ಅವನ ಕಣ್ಣಿಗೆ ಬೀಳಲಿಲ್ಲ. ಮೋಟಾರು ದುರಸ್ತಿಯ ಕೆಲಸ ಕಲಿಯುತ್ತಿದ್ದವನು 1941ರಲ್ಲಿ ವಿಮಾನದಳಕ್ಕೆ ಸೇರಿದ. ಅಲ್ಲಿಂದ ಪ್ಯಾರಾಶೂಟ್ ದಳಕ್ಕೆ ಹೋದ.

ಮುಂದೆ ಮೂರು ವರ್ಷ ರಷ್ಯದ ಕಡೆಯ ರಣರಂಗ. ಅಲ್ಲಿ ಅವನಿಗೆ ಐರನ್ ಕ್ರಾಸ್ ಪದಕ ದೊರೆಯಿತು. ಅಲ್ಲಿಯೇ, ಉಕ್ರೇನಿನ ಒಂದು ಕಾಡಿನಲ್ಲಿ, ಯಹೂದಿ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕಂದಕದ ಅಂಚಿಗೆ ನಿಲ್ಲಿಸಿ ಗುಂಡಿಕ್ಕಿ ಕೊಲ್ಲುತ್ತಿದ್ದುದನ್ನು ಆತ ಮರೆಯಿಂದ ಕಂಡ. ಕಂಡು, ಹೆದರಿ, ತೆವಳಿಕೊಂಡು ಹಿಂದಿರುಗಿದ. ಯಾರೊಡನೆಯೂ ಬಾಯಿ ಬಿಡಲಿಲ್ಲ. ಈ ಸಂಗತಿಯನ್ನು ಆತ ಬಹುಕಾಲದ ಮೇಲೆ ಹೇಳಿಕೊಂಡಿದ್ದಾನೆ. ಅವನ ಚರಿತ್ರೆಯನ್ನು ಬರೆಯುವವರು ಇದನ್ನು ಬಿಟ್ಟು ಬರೆಯಬಾರದು. ಸುಮ್ಮನಿದ್ದವರ ಮೌನವೂ ಆ ಕಾಲದ ಪಾಪದಲ್ಲಿ ಒಂದು ಪಾಲು.

1945ರಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಆತ ಬ್ರಿಟಿಷರ ಕೈಗೆ ಸೆರೆಸಿಕ್ಕಿ ಇಂಗ್ಲೆಂಡಿಗೆ ಬಂದ. ಯುದ್ಧ ಕೈದಿಗಳನ್ನು ಅವರ ನಂಬಿಕೆಗಳನ್ನು ವಿಚಾರಿಸಿ ಬಿಳಿ, ಬೂದು, ಕಪ್ಪು ಎಂದು ಮೂರು ವರ್ಗ ಮಾಡುತ್ತಿದ್ದರು. ಟ್ರೌಟ್‌ಮನ್ ಮೊದಲು ಬಿದ್ದದ್ದು ಕಪ್ಪು ವರ್ಗಕ್ಕೆ, ಅಂದರೆ ಕಟ್ಟಾ ನಾತ್ಸಿಗಳ ಗುಂಪಿಗೆ. ಕೆಲವು ಕಾಲದ ಮೇಲೆ ಆ ವರ್ಗವನ್ನು ಬದಲಿಸಿ ಅವನನ್ನು ಲ್ಯಾಂಕಷೈರಿನ ಆಷ್ಟನ್ ಎಂಬಲ್ಲಿದ್ದ ಶಿಬಿರಕ್ಕೆ ಕಳುಹಿಸಿದರು. ಬೆಲ್ಸೆನ್ ಶಿಬಿರದ ಹೆಣದ ರಾಶಿಗಳ ಚಲನಚಿತ್ರವನ್ನು ಕೈದಿಗಳಿಗೆ ತೋರಿಸಿದರು. ಹೊಲಗಳಲ್ಲಿ ಕೆಲಸ ಕೊಟ್ಟರು. ಕೈದಿಗಳೊಡನೆ ಊರಿನವರು ಬೆರೆಯಕೂಡದೆಂಬ ನಿಯಮವನ್ನು 1946ರ ಡಿಸೆಂಬರಿನಲ್ಲಿ ಸಡಿಲಿಸಿದಾಗ, ಎಷ್ಟೋ ಬಡ ಇಂಗ್ಲಿಷ್ ಮನೆಗಳವರು ಕ್ರಿಸ್‌ಮಸ್ ಊಟಕ್ಕೆ ಜರ್ಮನ್ ಕೈದಿಗಳನ್ನು ಕರೆದರು. ಆಗ ಊಟದ ಪದಾರ್ಥಗಳೆಲ್ಲ ರೇಷನ್ನಿನಲ್ಲಿದ್ದವು ಎಂಬುದನ್ನು ನೆನೆದರೆ ಆ ಕರೆಯ ಬೆಲೆ ಗೊತ್ತಾಗುತ್ತದೆ. ತನ್ನ ನಿಜವಾದ ವಿದ್ಯಾಭ್ಯಾಸ ಇಂಗ್ಲೆಂಡಿಗೆ ಬಂದ ಮೇಲೆಯೇ ಮೊದಲಾಯಿತೆಂದು ಟ್ರೌಟ್‌ಮನ್ ಮುಪ್ಪಿನಲ್ಲಿ ಹೇಳುತ್ತಿದ್ದುದರ ಅರ್ಥ ಇದೇ. ಅಲ್ಲಿಗೆ ಬಂದಾಗ ಅವನಿಗೆ ವಯಸ್ಸು ಇಪ್ಪತ್ತೊಂದು ಇಪ್ಪತ್ತೆರಡು.

ಗೋಲ್‌ಕೀಪರ್ ಆದದ್ದೂ ಆ ಶಿಬಿರದಲ್ಲಿಯೇ, ಅದೂ ಆಕಸ್ಮಿಕವಾಗಿ. ಅವನು ಆಡುತ್ತಿದ್ದುದು ಸೆಂಟರ್ ಹಾಫ್ ಸ್ಥಾನದಲ್ಲಿ. ಒಂದು ಪಂದ್ಯದಲ್ಲಿ ಪೆಟ್ಟಾಗಿ ಓಡಲಾರದೆ ಹೋದಾಗ ಗೋಲಿನಲ್ಲಿದ್ದವನೊಡನೆ ಸ್ಥಳ ಬದಲಾಯಿಸಿಕೊಂಡ. ಮತ್ತೆ ಅಲ್ಲಿಂದ ಕದಲಲಿಲ್ಲ. 'ಬರ್ನ್‌ಹಾರ್ಡ್' ಎನ್ನಲು ಇಂಗ್ಲಿಷರ ನಾಲಗೆ ತಿರುಗದೆ 'ಬರ್ಟ್' ಎಂದರು; ಹೆಸರು ಹಾಗೆಯೇ ನಿಂತಿತು.

1946ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 4 ಲಕ್ಷ ಜರ್ಮನ್ ಕೈದಿಗಳಿದ್ದರು. 1948ರ ಹೊತ್ತಿಗೆ ಅವರನ್ನೆಲ್ಲ ಊರಿಗೆ ಕಳುಹಿಸಿಕೊಟ್ಟಾಗ ಸುಮಾರು 24 ಸಾವಿರ ಮಂದಿ ಹೋಗಲೊಲ್ಲದೆ ಅಲ್ಲಿಯೇ ನಿಂತರು. ಟ್ರೌಟ್‌ಮನ್ ಅವರಲ್ಲಿ ಒಬ್ಬ. ಕೆಲ ಕಾಲ ಹೊಲದಲ್ಲಿ ದುಡಿದ. ಬಳಿಕ ಲಿವರ್‌ಪೂಲ್ ಬಳಿಯಲ್ಲಿ, ಸಿಡಿಯದೆ ನೆಲದಲ್ಲಿ ಹೂತಿದ್ದ ಬಾಂಬುಗಳನ್ನು ತೆಗೆಯುವ ಕೆಲಸಕ್ಕೆ ಸೇರಿದ. ತನ್ನ ದೇಶದವರು ಹಾಕಿದ್ದ ಬಾಂಬುಗಳನ್ನು ತೆಗೆಯುವುದು ಅವನ ಪಾಲಿಗೆ ಬಂತು. ಬಿಡುವಿನಲ್ಲಿ ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ತಂಡಕ್ಕೆ ಆಡುತ್ತಿದ್ದ. ಅವನನ್ನು ನೋಡಲೆಂದೇ ಜನ ಸೇರತೊಡಗಿದರು. ಆ ತಂಡದ ಕಾರ್ಯದರ್ಶಿಯ ಮಗಳನ್ನು 1950ರಲ್ಲಿ ಮದುವೆಯಾದ.

ಸಣ್ಣ ಊರಿನ ಸಣ್ಣ ತಂಡದಲ್ಲಿ ಆಡುವ ಮಾತು ಬೇರೆ. ಮ್ಯಾಂಚೆಸ್ಟರ್ ಸಿಟಿಯಂಥ ತಂಡದ ಅಂಗಿ ತೊಡುವ ಮಾತು ಬೇರೆ. ಆ ತಂಡಕ್ಕೆ ಫ್ರಾಂಕ್ ಸ್ವಿಫ್ಟ್ ಎಂಬ ಗೋಲ್‌ಕೀಪರ್ ಇದ್ದ. ಆಜಾನುಬಾಹು, ನಗೆಗಾರ, ಇಂಗ್ಲೆಂಡಿನ ಪರವಾಗಿ ಆಡಿದವನು. 1934ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನು ಗೆದ್ದ ಸಂತೋಷದಲ್ಲಿ ಮೈದಾನದಲ್ಲಿಯೇ ಮೂರ್ಛೆ ಹೋಗಿದ್ದ ಹುಡುಗ ಅವನೇ. ಊರಿಗೆ ಊರೇ ಅವನನ್ನು ಪ್ರೀತಿಸುತ್ತಿತ್ತು. 1949ರಲ್ಲಿ ಆತ ನಿವೃತ್ತನಾದ. ಅವನ ಜಾಗಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಲಬ್ಬಿನವರು ಕರೆತಂದದ್ದು ಈ ಜರ್ಮನ್ ಕೈದಿಯನ್ನು.

ಮ್ಯಾಂಚೆಸ್ಟರಿನ ಜನಕ್ಕೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1940ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ಎರಡು ರಾತ್ರಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬೆಂಕಿ ಸುರಿದಿದ್ದವು. ಸುಮಾರು 680 ಜನ ಸತ್ತರು. 1941ರ ಮಾರ್ಚಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನವೇ ಬಾಂಬಿಗೆ ತುತ್ತಾಗಿ, ಆ ತಂಡದವರು 1949ರವರೆಗೆ ಸಿಟಿಯವರ ಮೈನ್ ರೋಡ್ ಮೈದಾನದಲ್ಲಿ ಆಡಬೇಕಾಯಿತು. ಊರಲ್ಲಿ ಮಗನನ್ನೋ ಅಣ್ಣನನ್ನೋ ಕಳೆದುಕೊಳ್ಳದ ಮನೆ ವಿರಳ. ಅದಲ್ಲದೆ ಲಂಡನ್ನನ್ನು ಬಿಟ್ಟರೆ ಇಂಗ್ಲೆಂಡಿನಲ್ಲಿ ಯಹೂದಿಗಳು ಹೆಚ್ಚಾಗಿದ್ದ ನಗರ ಅದು. ಅವರಲ್ಲಿ ಅನೇಕರು ಸಿಟಿಯ ಅಭಿಮಾನಿಗಳು. ಸೀಸನ್ ಟಿಕೆಟ್ಟುಗಳನ್ನು ಹಿಂದಿರುಗಿಸುತ್ತೇವೆಂದು ಕಾಗದಗಳು ಬಂದವು. ಸುಮಾರು 20 ಸಾವಿರ ಜನ ಫಲಕಗಳನ್ನು ಹಿಡಿದು ಪ್ರತಿಭಟಿಸಿದರೆಂದು ಬರೆದಿದ್ದಾರೆ.

ಈ ಗಳಿಗೆಯಲ್ಲಿ ಇಬ್ಬರು ಮಾತಾಡಿದರು. ಒಬ್ಬ ತಂಡದ ನಾಯಕ ಎರಿಕ್ ವೆಸ್ಟ್‌ವುಡ್. ನಾರ್ಮಂಡಿಯ ರಣರಂಗದಲ್ಲಿ ಜರ್ಮನರ ಎದುರು ಹೋರಾಡಿ ಬಂದವನು. ಆಟಗಾರರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಲ್ಲರ ಮುಂದೆ ಅವನ ಕೈಕುಲುಕಿ, ಈ ಕೋಣೆಯೊಳಗೆ ಯುದ್ಧಕ್ಕೆ ಜಾಗವಿಲ್ಲ ಎಂಬರ್ಥದ ಮಾತು ಹೇಳಿ ಬರಮಾಡಿಕೊಂಡ. ಮತ್ತೊಬ್ಬರು ನಗರದ ಯಹೂದಿ ಸಮುದಾಯದ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್. ಇವರು ದೊಡ್ಡ ವಿದ್ವಾಂಸರು. ಬರ್ಲಿನ್ನಿನಲ್ಲಿ ಧರ್ಮಗುರುವಾಗಿದ್ದು, ನಾತ್ಸಿಗಳ ಕಾಟದಿಂದ ಪಾರಾಗಿ 1938ರಲ್ಲಿ ಮ್ಯಾಂಚೆಸ್ಟರಿಗೆ ಬಂದಿದ್ದರು. ಅವರ ತಂದೆಯೂ ಧರ್ಮಗುರು. ಆ ತಂದೆಯನ್ನೂ ತಾಯಿಯನ್ನೂ ನಾತ್ಸಿಗಳು ಆಷ್‌ವಿಟ್ಸ್‌ನಲ್ಲಿ ಕೊಂದಿದ್ದರು. ಆಲ್ಟ್‌ಮನ್ನರು ಊರಿನ ಪತ್ರಿಕೆಗೆ ಒಂದು ಕಾಗದ ಬರೆದರು. ಒಂದು ದೇಶ ಮಾಡಿದ ಪಾಪಕ್ಕೆ ಆ ದೇಶದಲ್ಲಿ ಹುಟ್ಟಿದ ಪ್ರತಿಯೊಬ್ಬನನ್ನೂ ದಂಡಿಸುವುದು ನ್ಯಾಯವಲ್ಲ, ಮನುಷ್ಯನನ್ನು ಅವನವನ ನಡತೆಯಿಂದ ಅಳೆಯಬೇಕು, ಈ ಆಟಗಾರನಿಗೂ ಒಂದು ಅವಕಾಶ ಸಿಗಲಿ ಎಂಬುದು ಅದರ ತಾತ್ಪರ್ಯ.

ಈ ಕಾಗದವನ್ನು ಕುರಿತು ನಾವು ಸ್ವಲ್ಪ ನಿಂತು ಯೋಚಿಸಬೇಕು. ಕ್ಷಮೆಯ ಮಾತನ್ನು ಯಾರು ಬೇಕಾದರೂ ಆಡಬಹುದು. ತನಗೆ ಪೆಟ್ಟು ಬೀಳದವನು ಆಡಿದರೆ ಅದಕ್ಕೆ ತೂಕವಿಲ್ಲ. ಹೆತ್ತವರನ್ನು ಕಳೆದುಕೊಂಡ ಮಗ ಆಡಿದಾಗ ಎದುರು ಮಾತಾಡುವ ಬಾಯಿ ಎಲ್ಲಿದೆ? ಆಲ್ಟ್‌ಮನ್ನರು ನಾತ್ಸಿಗಳನ್ನು ಕ್ಷಮಿಸಿದರೆಂದು ತಿಳಿಯಬಾರದು. ಅಂಥ ಮಾತನ್ನು ಅವರು ಹೇಳಲೂ ಇಲ್ಲ. ನಾತ್ಸಿಗಳು ಮಾಡಿದ್ದೇನು? ಒಂದು ಜನಾಂಗದಲ್ಲಿ ಹುಟ್ಟಿದ್ದನ್ನೇ ಅಪರಾಧವೆಂದರು. ಅದೇ ಅಳತೆಗೋಲನ್ನು ಜರ್ಮನರಿಗೆ ಹಿಡಿಯಲು ಅವರು ಒಪ್ಪಲಿಲ್ಲ. ತಂದೆತಾಯಿಗಳನ್ನು ಕೊಂದ ತರ್ಕವನ್ನು ತಾವು ಕೈಗೆತ್ತಿಕೊಳ್ಳಲು ನಿರಾಕರಿಸಿದರು. ಮುಂದೆ ಏನೇನು ಆಗಬಹುದಾಗಿತ್ತೋ ಅದು ಆಗದೆ ಹೋಯಿತು. ಮೈದಾನ ಖಾಲಿಯಾಗಲಿಲ್ಲ, ತಂಡ ಅವನನ್ನು ಹೊರಗೆ ಹಾಕಲಿಲ್ಲ, ಕೂಗು ನಿಧಾನವಾಗಿ ಇಳಿಯಿತು.

1949ರ ನವೆಂಬರ್ 19ರಂದು ಬೋಲ್ಟನ್ ತಂಡದ ಎದುರು ಅವನ ಮೊದಲ ಪಂದ್ಯ. ಸಿಟಿ 3-0 ಸೋತಿತು. ಹೋದ ಹೋದ ಊರುಗಳಲ್ಲಿ ಜನ ಅವನನ್ನು 'ನಾತ್ಸಿ' ಎಂದು ಕೂಗುತ್ತಿದ್ದರು. 1950ರ ಜನವರಿಯಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಮೈದಾನಕ್ಕೆ ಹೋದಾಗಲೂ ಹಾಗೆಯೇ. ಸಿಟಿಯ ಆಟ ಅಂದು ತೀರ ದುರ್ಬಲ. ಭಾರಿ ಅಂತರದಿಂದ ಸೋಲಬೇಕಾಗಿತ್ತು. ಟ್ರೌಟ್‌ಮನ್ ಚೆಂಡಿನ ಮೇಲೆ ಚೆಂಡನ್ನು ತಡೆದು ಒಂದೇ ಗೋಲಿನ ಸೋಲಿಗೆ ನಿಲ್ಲಿಸಿದ. ಆಟ ಮುಗಿದು ಅವನು ಹೊರಡುವಾಗ, ಮೊದಲು ಬೈದಿದ್ದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎರಡೂ ತಂಡದ ಆಟಗಾರರು ಇಕ್ಕೆಲದಲ್ಲಿ ಸಾಲಾಗಿ ನಿಂತು ಅವನಿಗೆ ದಾರಿ ಬಿಟ್ಟರು. ಆ ಪಂದ್ಯವೂ ಸೋಲು, ಆ ವರ್ಷವೂ ಸೋಲು. ಸಿಟಿ ಮೊದಲನೆಯ ದರ್ಜೆಯಿಂದ ಎರಡನೆಯದಕ್ಕೆ ಇಳಿಯಿತು, 1951ರಲ್ಲಿ ಮತ್ತೆ ಮೇಲೇರಿತು. ಅಭಿಮಾನಿಗಳು ಅವನನ್ನು ಒಪ್ಪಿಕೊಂಡದ್ದು ಗೆಲುವಿನ ಭರದಲ್ಲಿ ಅಲ್ಲವೆಂಬುದನ್ನು ಗಮನಿಸಬೇಕು. ಸೋಲಿನ ವರ್ಷದಲ್ಲಿ ಜೊತೆಗೆ ನಿಂತವನನ್ನು ಜನ ಬೇಗ ಮರೆಯುವುದಿಲ್ಲ.

ಅವನ ಆಟದ ರೀತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆ ಕಾಲದ ಗೋಲ್‌ಕೀಪರುಗಳು ಚೆಂಡು ಕೈಗೆ ಬಂದೊಡನೆ ಅದನ್ನು ಆದಷ್ಟು ದೂರಕ್ಕೆ ಒದೆಯುತ್ತಿದ್ದರು. ಅದು ಯಾರ ಪಾಲಿಗೆ ಬೀಳುವುದೋ ದೈವಕ್ಕೇ ಗೊತ್ತು. ಟ್ರೌಟ್‌ಮನ್ ಹುಡುಗನಾಗಿದ್ದಾಗ ಕೈಚೆಂಡಾಟ ಆಡಿದವನು. ಚೆಂಡನ್ನು ದೂರಕ್ಕೆ ಗುರಿಯಿಟ್ಟು ಎಸೆಯಬಲ್ಲವನಾಗಿದ್ದ. 1953ರ ನವೆಂಬರಿನಲ್ಲಿ ಹಂಗೆರಿಯ ತಂಡ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6-3ರಿಂದ ಮಣಿಸಿದಾಗ, ಅದರ ಗೋಲ್‌ಕೀಪರ್ ಗ್ರೋಷಿಚ್ ಕೂಡ ಚೆಂಡನ್ನು ಎಸೆದೇ ದಾಳಿಯನ್ನು ಆರಂಭಿಸುತ್ತಿದ್ದುದನ್ನು ಎಲ್ಲರೂ ಕಂಡರು. ಸಿಟಿಯವರು ಅದರಿಂದ ಪಾಠ ಕಲಿತು, ಡಾನ್ ರೆವಿ ಎಂಬ ಆಟಗಾರನನ್ನು ನಡುವಿಗೆ ತಂದು ಹೊಸ ವ್ಯೂಹ ಕಟ್ಟಿದರು. ಟ್ರೌಟ್‌ಮನ್ ಎಸೆದ ಚೆಂಡು ಕೆನ್ ಬಾರ್ನ್ಸ್‌ನಿಗೆ, ಅವನಿಂದ ರೆವಿಗೆ. ಹೀಗೆ ದಾಳಿ ಗೋಲಿನಿಂದಲೇ ಹೊರಡುತ್ತಿತ್ತು. ಈ ಕ್ರಮದಿಂದ ಸಿಟಿ 1955ರಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಆ ಪಂದ್ಯದಲ್ಲಿ ಆಡಿದ ಮೊದಲ ಜರ್ಮನ್ ಟ್ರೌಟ್‌ಮನ್. ಸಿಟಿಯವನೊಬ್ಬ ಮೊದಲ ಅರ್ಧದಲ್ಲಿಯೇ ಮೊಳಕಾಲಿಗೆ ಪೆಟ್ಟು ಮಾಡಿಕೊಂಡು ಹೋದ. ಹತ್ತೇ ಜನ ಆಡಿ ನ್ಯೂಕಾಸಲಿಗೆ 3-1ರಿಂದ ಸೋತರು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಅದು ಇಂಗ್ಲಿಷ್ ಲೀಗಿಗೆ ಬಂದದ್ದು 1965ರಲ್ಲಿ. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು.

ಮಾರನೆಯ ವರ್ಷ ಸಿಟಿ ಮತ್ತೆ ವೆಂಬ್ಲಿಗೆ ಬಂತು. ಕ್ರೀಡಾ ಬರಹಗಾರರು ಆ ವರ್ಷದ ಶ್ರೇಷ್ಠ ಆಟಗಾರನೆಂದು ಟ್ರೌಟ್‌ಮನ್‌ನನ್ನು ಆರಿಸಿದ್ದರು; ಗೋಲ್‌ಕೀಪರನೊಬ್ಬನಿಗೆ ಆ ಮರ್ಯಾದೆ ದೊರೆತದ್ದು ಅದೇ ಮೊದಲು. 1956ರ ಮೇ 5, ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ, ನೋಡಲು ಸೇರಿದವರು ಒಂದು ಲಕ್ಷ. ಜೋ ಹೇಸ್ ಮೂರನೆಯ ನಿಮಿಷದಲ್ಲೇ ಗೋಲು ಹೊಡೆದ. ಬರ್ಮಿಂಗ್‌ಹ್ಯಾಮಿನ ಕಿನ್ಸೆ ಅದನ್ನು ಸರಿಗಟ್ಟಿದ. ಉತ್ತರಾರ್ಧದಲ್ಲಿ ಡೈಸನ್ ಮತ್ತು ಜಾನ್ಸ್‌ಟನ್ ಮತ್ತೆರಡು ಸೇರಿಸಿ ಸಿಟಿಯನ್ನು 3-1ಕ್ಕೆ ಮುಟ್ಟಿಸಿದರು. ಆಟ ಮುಗಿಯಲು ಹದಿನೇಳು ನಿಮಿಷ ಉಳಿದಿರುವಾಗ ಬರ್ಮಿಂಗ್‌ಹ್ಯಾಮಿನ ಪೀಟರ್ ಮರ್ಫಿ ಚೆಂಡಿನ ಬೆನ್ನು ಹತ್ತಿ ನುಗ್ಗಿದ. ಟ್ರೌಟ್‌ಮನ್ ತನ್ನ ಅಭ್ಯಾಸದಂತೆ ಅವನ ಕಾಲುಗಳ ಮುಂದೆಯೇ ಹಾರಿ ಚೆಂಡನ್ನು ಹಿಡಿದ. ಮರ್ಫಿಯ ಮೊಳಕಾಲು ಅವನ ಕತ್ತಿಗೆ ಬಡಿಯಿತು. ಟ್ರೌಟ್‌ಮನ್‌ನಿಗೆ ಎಚ್ಚರ ತಪ್ಪಿತು.

ನೀರು ಚಿಮುಕಿಸಿ ಎಬ್ಬಿಸಿದರು. ನಿಂತಾಗ ಕಾಲು ತೂರಾಡುತ್ತಿತ್ತು, ಕಣ್ಣಿಗೆ ಎಲ್ಲವೂ ಮಬ್ಬು. ಅವನು ಹೋದರೆ ತಂಡಕ್ಕೆ ಹತ್ತೇ ಜನ, ಗೋಲಿಗೆ ಅಭ್ಯಾಸವಿಲ್ಲದ ಕಾವಲು. ಹಿಂದಿನ ವರ್ಷದ ಸೋಲು ಎಲ್ಲರ ಕಣ್ಮುಂದೆ ಇತ್ತು. ಆತ ಗೋಲಿನಲ್ಲಿಯೇ ನಿಂತ. ಕತ್ತನ್ನು ಕೈಯಲ್ಲಿ ಆನಿಸಿ ಹಿಡಿದುಕೊಂಡು ನಿಂತವನು, ಆ ಮೇಲೆಯೂ ಬಂದ ಚೆಂಡುಗಳಿಗೆ ಅಡ್ಡಬಿದ್ದು ತಡೆದ. ತನ್ನ ತಂಡದವನೇ ಒಬ್ಬ ಢಿಕ್ಕಿ ಹೊಡೆದು ಮತ್ತೊಮ್ಮೆ ಕೆಳಗೆ ಬಿದ್ದ. ಗೋಲು ಆಗಲಿಲ್ಲ. ಕಪ್ಪು ಸಿಟಿಯದಾಯಿತು. ಪದಕ ಪಡೆಯಲು ಮೆಟ್ಟಿಲು ಹತ್ತಿದಾಗ ಅವನ ಕತ್ತು ಸೊಟ್ಟಗಾಗಿರುವುದನ್ನು ಪ್ರಿನ್ಸ್ ಫಿಲಿಪ್ ಗಮನಿಸಿ ಆಡಿ ತೋರಿಸಿದನಂತೆ. ಆ ರಾತ್ರಿಯ ಔತಣಕ್ಕೂ ಆತ ಹೋದ. ಸುಮ್ಮನೆ ಕತ್ತು ಹಿಡಿದುಕೊಂಡಿದೆ ಎಂದುಕೊಂಡಿದ್ದರು. ನಾಲ್ಕು ದಿನದ ಮೇಲೆ ಮ್ಯಾಂಚೆಸ್ಟರಿನಲ್ಲಿ ಕ್ಷ-ಕಿರಣ ಹಿಡಿದು ನೋಡಿದರೆ, ಕತ್ತಿನ ಐದು ಎಲುಬುಗಳು ಸ್ಥಾನ ತಪ್ಪಿದ್ದವು, ಎರಡನೆಯದು ಇಬ್ಭಾಗವಾಗಿತ್ತು. ಮೂರನೆಯ ಎಲುಬು ಅದಕ್ಕೆ ಒತ್ತಿ ಸಿಕ್ಕಿಕೊಂಡು ತಡೆದಿದ್ದರಿಂದ ಜೀವ ಉಳಿದಿತ್ತು. ತಲೆಬುರುಡೆಗೆ ತಿರುಪು ಹಾಕಿ, ಎದೆಯವರೆಗೆ ಗಚ್ಚಿನ ಕಟ್ಟು ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರು. ಮರ್ಫಿಯ ಮೇಲೆ ಆತ ತಪ್ಪು ಹೊರಿಸಲಿಲ್ಲ.

ಜನ ಈ ಹದಿನೇಳು ನಿಮಿಷದ ಕಥೆಯನ್ನು ಹೇಳಿ ಹೇಳಿ ದಣಿಯಲಿಲ್ಲ. ಇದರ ಬೆನ್ನಿಗೇ ಬಂದ ಇನ್ನೊಂದು ಸಂಗತಿ ಅಷ್ಟಾಗಿ ಬಾಯಿಗೆ ಬಾರದು. ಕೆಲವೇ ವಾರಗಳಲ್ಲಿ, ಅವನಿನ್ನೂ ಕಟ್ಟಿನೊಳಗೆ ಇರುವಾಗಲೇ, ಐದು ವರ್ಷದ ಮಗ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಆ ದುಃಖ ಅವನ ಸಂಸಾರವನ್ನು ಕೊನೆಗೂ ಬಿಡಲಿಲ್ಲ. ಆ ಮದುವೆಯೂ ಮುಂದೆ ಮುರಿಯಿತು. ಮಗನನ್ನು ಕಳೆದುಕೊಂಡ ತಂದೆಯಾಗಿ ಅವನು 1956ರ ಡಿಸೆಂಬರಿನಲ್ಲಿ ಮತ್ತೆ ಗೋಲಿಗೆ ಬಂದು ನಿಂತಾಗ, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ ಎಷ್ಟೋ ತಂದೆಯರು ಆ ಮೈದಾನದ ಮೆಟ್ಟಿಲುಗಳ ಮೇಲೆ ನಿಂತಿದ್ದಿರಬೇಕು. ಆ ಹೊತ್ತಿಗೆ ಅವರಿಗೂ ಅವನಿಗೂ ನಡುವೆ ಜರ್ಮನ್, ಇಂಗ್ಲಿಷ್ ಎಂಬ ಭೇದ ಎಷ್ಟು ಉಳಿದಿರಲು ಸಾಧ್ಯ?

1964ರವರೆಗೆ ಆತ ಸಿಟಿಗೆ ಆಡಿದ. ಒಟ್ಟು 545 ಪಂದ್ಯಗಳು. ಜರ್ಮನಿಯ ಪರವಾಗಿ ಮಾತ್ರ ಒಂದು ಪಂದ್ಯವನ್ನೂ ಆಡಲಿಲ್ಲ. ಹೊರದೇಶದಲ್ಲಿ ಆಡುವವರನ್ನು ಆ ತಂಡಕ್ಕೆ ಆಗ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಆಡಿದ ಬಹುಪಾಲು ವರ್ಷಗಳಲ್ಲಿ ಇಂಗ್ಲೆಂಡಿನ ಆಟಗಾರರ ಸಂಬಳಕ್ಕೆ ಮಿತಿಯಿತ್ತು. 1961ರಲ್ಲಿ ಅದನ್ನು ತೆಗೆದುಹಾಕಿದಾಗ ಆ ಮಿತಿ ವಾರಕ್ಕೆ 20 ಪೌಂಡು. ಆಟಗಾರನ ಬದುಕಿಗೂ ಮೆಟ್ಟಿಲ ಮೇಲೆ ನಿಂತು ನೋಡುವವನ ಬದುಕಿಗೂ ಈಗಿನಷ್ಟು ಅಂತರವಿರಲಿಲ್ಲ. 1964ರ ಏಪ್ರಿಲ್ 15ರಂದು ಅವನ ಗೌರವಾರ್ಥವಾಗಿ ನಡೆದ ಬೀಳ್ಕೊಡುಗೆಯ ಪಂದ್ಯಕ್ಕೆ 47 ಸಾವಿರಕ್ಕೂ ಮೇಲ್ಪಟ್ಟು ಜನ ಸೇರಿದರು. ಹಾವು ಮುಂಗುಸಿಗಳಂತಿದ್ದ ಮ್ಯಾಂಚೆಸ್ಟರಿನ ಎರಡು ತಂಡಗಳ ಆಟಗಾರರು ಅಂದು ಒಂದಾಗಿ ಅವನ ಪಕ್ಷದಲ್ಲಿ ಆಡಿದರು. ಯುನೈಟೆಡ್ಡಿನ ಬಾಬಿ ಚಾರ್ಲ್‌ಟನ್, ಡೆನಿಸ್ ಲಾ ಅವರಲ್ಲಿದ್ದರು. ಎದುರು ಪಕ್ಷದಲ್ಲಿ ಸ್ಟಾನ್ಲಿ ಮ್ಯಾಥ್ಯೂಸ್, ಟಾಮ್ ಫಿನ್ನಿಯಂಥ ಹಿರಿಯರು. ಕೊನೆಗೆ ಜನ ಮೈದಾನಕ್ಕೆ ನುಗ್ಗಿ, ಈ ಕಂಬಗಳ ನಡುವೆ ಇನ್ನು ಬೇರೆ ಯಾರೂ ನಿಲ್ಲಬಾರದೆಂಬಂತೆ ಗೋಲುಕಂಬಗಳನ್ನೇ ಕಿತ್ತರೆಂದು ಹೇಳುತ್ತಾರೆ.

ಗೋಲುಕಂಬದ ಮಾತು ಬಂದಾಗ ಇನ್ನೊಬ್ಬ ಗೋಲ್‌ಕೀಪರನನ್ನು ನೆನೆಯದೆ ಇರಲಾಗದು. ಟ್ರೌಟ್‌ಮನ್‌ನನ್ನು ಲಂಡನ್ನಿನ ಜನ ಮೆಚ್ಚಿದ ಅದೇ 1950ರ ಜುಲೈ 16ರಂದು, ಬ್ರೆಜಿಲ್ ದೇಶದ ಮರಕಾನಾ ಮೈದಾನದಲ್ಲಿ ವಿಶ್ವಕಪ್ಪಿನ ಕೊನೆಯ ಪಂದ್ಯ ನಡೆಯಿತು. ಬ್ರೆಜಿಲ್ ಸೋಲದೆ ಉಳಿದಿದ್ದರೆ ಸಾಕಾಗಿತ್ತು. ಉರುಗ್ವೆ 2-1ರಿಂದ ಗೆದ್ದಿತು. ಎರಡನೆಯ ಗೋಲನ್ನು ಬಿಟ್ಟುಕೊಟ್ಟವನೆಂದು ಬ್ರೆಜಿಲಿನ ಜನ ತಮ್ಮ ಗೋಲ್‌ಕೀಪರ್ ಮೊವಾಸೀರ್ ಬಾರ್ಬೋಸನ ಮೇಲೆ ಎಲ್ಲ ಹೊರೆಯನ್ನೂ ಹಾಕಿದರು. ಅವನು ಕಪ್ಪು ವರ್ಣದವನು. ಅದೂ ಅವನ ಪಾಲಿಗೆ ಒಂದು ಅಪರಾಧದಂತಾಯಿತು. 2000ನೆಯ ಏಪ್ರಿಲ್ 7ರಂದು ಸಾಯುವವರೆಗೂ ಜನ ಅದನ್ನು ಮರೆಯಲಿಲ್ಲ. ತನ್ನ ದೇಶದ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ 30 ವರ್ಷ, ತಾನು 50 ವರ್ಷ ಅನುಭವಿಸಿದೆ ಎಂದು ಆತ ಕೊರಗುತ್ತಿದ್ದ. ಆ ಮೈದಾನದ ಹಳೆಯ ಗೋಲುಕಂಬಗಳನ್ನು ಮನೆಗೆ ತಂದು ಒಲೆಗೆ ಹಾಕಿ ಸುಟ್ಟನೆಂದು ಒಂದು ಕಥೆ ಉಂಟು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಕಲಕುತ್ತದೆ. ಒಂದು ಊರಿನ ಜನ ಹಗೆಯ ಸಿಪಾಯಿಯನ್ನು ತಮ್ಮವನೆಂದು ಅಪ್ಪಿಕೊಂಡರು. ಇನ್ನೊಂದು ದೇಶದ ಜನ ತಮ್ಮ ಮನೆಯ ಮಗನನ್ನು ಒಂದು ಗೋಲಿಗಾಗಿ ದೂರವಿಟ್ಟರು. ಇಂಗ್ಲಿಷರು ಒಳ್ಳೆಯವರು, ಬ್ರೆಜಿಲಿನವರು ಕೆಟ್ಟವರು ಎಂದು ಇದರಿಂದ ತೀರ್ಮಾನಿಸುವುದು ಮೂರ್ಖತನ. ಜನಸಮೂಹದ ಮನಸ್ಸು ಎಲ್ಲೆಲ್ಲಿಯೂ ಒಂದೇ. ಅದು ಹೊತ್ತಿಕೊಳ್ಳಲೂ ಬಲ್ಲದು, ಕರಗಲೂ ಬಲ್ಲದು. ಮ್ಯಾಂಚೆಸ್ಟರಿನಲ್ಲಿ ಹೊತ್ತಿಕೊಂಡ ಗಳಿಗೆಯಲ್ಲಿ, ಮಾತಾಡುವ ಹಕ್ಕು ಉಳ್ಳ ಇಬ್ಬರು ಎದ್ದು ಮಾತಾಡಿದರು. ಬಾರ್ಬೋಸನ ಪರವಾಗಿ ಮಾತಾಡಿದವರು ಇರಲಿಲ್ಲವೆಂದಲ್ಲ. ಅವರ ಮಾತು ಜನದ ಕಿವಿಗೆ ಇಳಿಯಲಿಲ್ಲ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಟ್ರೌಟ್‌ಮನ್ ಸಾಧಾರಣ ಗೋಲ್‌ಕೀಪರ್ ಆಗಿದ್ದರೆ ಜನ ಅವನನ್ನು ಒಪ್ಪಿಕೊಳ್ಳುತ್ತಿದ್ದರೆ? ಕತ್ತು ಮುರಿದುಕೊಂಡರೆ ಮಾತ್ರ ಪರಕೀಯನಿಗೆ ಮನೆಯ ಬಾಗಿಲು ತೆರೆಯುವುದಾದರೆ ಅದೇನು ಔದಾರ್ಯ? ಈ ಪ್ರಶ್ನೆಗೆ ನನಗೆ ತೋರುವ ಉತ್ತರ ಇದು. ಅವನೊಡನೆ ಅಲ್ಲಿಯೇ ಉಳಿದ 24 ಸಾವಿರ ಕೈದಿಗಳು ಯಾವ ಕಪ್ಪನ್ನೂ ಗೆಲ್ಲಲಿಲ್ಲ. ಹೊಲ ಉತ್ತರು, ಯಂತ್ರ ದುರಸ್ತಿ ಮಾಡಿದರು, ಅಲ್ಲಿನವರನ್ನು ಮದುವೆಯಾದರು, ಅಲ್ಲಿಯೇ ಮಣ್ಣಾದರು. ಅವರನ್ನು ಒಪ್ಪಿಕೊಂಡವರು ನೆರೆಮನೆಯವರು. ಆ ಸದ್ದಿಲ್ಲದ ಒಪ್ಪಿಗೆಗೆ ಒಂದು ಮುಖ ಬೇಕಾಗಿತ್ತು. ಅದು ಟ್ರೌಟ್‌ಮನ್‌ನ ಮುಖವಾಯಿತು. ಅವನನ್ನು ಸಂತನೆಂದು ಯಾರೂ ಕರೆಯಲಿಲ್ಲ. ಸಿಡುಕಿನ ಮನುಷ್ಯ, ಮೈದಾನದಲ್ಲಿ ರೇಗಿ ಬೀಳುತ್ತಿದ್ದವನು. ಸಂತನಲ್ಲದವನನ್ನು ಒಪ್ಪಿಕೊಂಡದ್ದರಲ್ಲಿಯೇ ಆ ಜನರ ದೊಡ್ಡತನವಿದೆ.

ನಿವೃತ್ತನಾದ ಮೇಲೆ ಅವನು ಒಂದೆಡೆ ನಿಲ್ಲಲಿಲ್ಲ. ಕೆಲ ಕಾಲ ಸ್ಟಾಕ್‌ಪೋರ್ಟ್ ತಂಡವನ್ನು ನಡೆಸಿದ. ಬಳಿಕ ಜರ್ಮನಿಯ ಪರವಾಗಿ ಬರ್ಮಾ, ಟಾಂಜಾನಿಯ, ಲೈಬೀರಿಯ, ಪಾಕಿಸ್ತಾನ, ಉತ್ತರ ಯೆಮೆನ್ ಮೊದಲಾದ ದೇಶಗಳಿಗೆ ಹೋಗಿ ಹುಡುಗರಿಗೆ ಕಾಲ್ಚೆಂಡಾಟ ಕಲಿಸಿದ. ಒಂದು ಜನಾಂಗವೇ ಮಿಗಿಲೆಂದು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದವನು ನಡುವಯಸ್ಸಿನಲ್ಲಿ ಏಷ್ಯದ, ಆಫ್ರಿಕದ ಮಕ್ಕಳೊಡನೆ ಬಿಸಿಲಲ್ಲಿ ನಿಂತು ಕಲಿಸಿದ ಎಂಬುದೇ ಆ ಪಾಠ ಅಳಿಸಿಹೋದದ್ದಕ್ಕೆ ಸಾಕ್ಷಿ. 1997ರಲ್ಲಿ ಜರ್ಮನಿ ಅವನಿಗೆ ತನ್ನ ಗೌರವ ಪದಕ ಕೊಟ್ಟಿತು. ಎರಡು ದೇಶಗಳ ಸ್ನೇಹವನ್ನು ಆಟದ ಮೂಲಕ ಬೆಳೆಸಿದ್ದಕ್ಕಾಗಿ 2004ರಲ್ಲಿ ಬ್ರಿಟನ್ ಓ.ಬಿ.ಇ. ಬಿರುದನ್ನು ನೀಡಿತು. ಯುದ್ಧಕ್ಕಾಗಿ ಪದಕ ಪಡೆದವನಿಗೆ ಸ್ನೇಹಕ್ಕಾಗಿಯೂ ಗೌರವ ಸಂದಿತು.

ಅವನು ಸತ್ತಾಗ ಮ್ಯಾಂಚೆಸ್ಟರಿನ ಅಭಿಮಾನಿಗಳು ಅವನ ಸೈನಿಕ ಜೀವನವನ್ನು ಮುಚ್ಚಿಡಲಿಲ್ಲ. ಕಥೆ ಹೇಳುವವರೆಲ್ಲ ಮೊದಲು ಹೇಳುತ್ತಿದ್ದುದೇ ಅದನ್ನು: ಆತ ಜರ್ಮನ್ ಸಿಪಾಯಿ, ಪ್ಯಾರಾಶೂಟ್ ದಳದವನು, ನಮ್ಮ ಕೈದಿಯಾಗಿದ್ದವನು. ಕ್ಷಮೆಯೆಂದರೆ ಮರೆವು ಎಂದು ತಿಳಿಯುವವರುಂಟು. ಮರೆತುಬಿಟ್ಟಮೇಲೆ ಕ್ಷಮಿಸುವುದಕ್ಕೆ ಏನು ಉಳಿದೀತು? ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡೇ ಅವನನ್ನು ಪ್ರೀತಿಸಿದರು. ಮೈನ್ ರೋಡ್ ಮೈದಾನ ಈಗ ಇಲ್ಲ. ಸಿಟಿ ತಂಡ 2003ರಲ್ಲಿ ಬೇರೆ ಮೈದಾನಕ್ಕೆ ಹೋಯಿತು, ಹಳೆಯ ಜಾಗದಲ್ಲಿ ಮನೆಗಳೆದ್ದಿವೆ. ಅವನು ತಡೆದ ಚೆಂಡುಗಳ ಎಣಿಕೆಯೂ ಅಂಕಪಟ್ಟಿಗಳಲ್ಲಿಲ್ಲ. 1949ರ ಚಳಿಗಾಲದಲ್ಲಿ ಆ ಊರಿನಲ್ಲಿ ನಡೆಯದೆ ಹೋದ ಒಂದು ದ್ವೇಷಕಾರ್ಯಕ್ಕೂ ದಾಖಲೆಯಿಲ್ಲ. ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆಯಲ್ಲಿ ಮಾತ್ರ ಎರಡೂ ಉಳಿದಿವೆ.